ಔಷಧಕ್ಕೆ ಜಗ್ಗದ ಪ್ರೋಬಯೋಟಿಕ್: ಗುಣವೋ, ಅಪಾಯವೋ?

ಪ್ರಶ್ನೆ: ಆರು ವರ್ಷದ ಮಗಳಿಗೆ ಕಿವಿ ಸೋಂಕಾಗಿ ಏಳು ದಿನಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಬರೆದುಕೊಟ್ಟಿದ್ದಾರೆ. ಎರಡನೇ ದಿನವೇ ಭೇದಿ ಶುರುವಾಯಿತು. ಅದಕ್ಕೆ ಬ್ಯಾಸಿಲಸ್ ಕ್ಲಾಸಿ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳಿರುವ ಪುಟ್ಟ ಪ್ಲಾಸ್ಟಿಕ್ ಶೀಷೆಗಳನ್ನು ದಿನಕ್ಕೆ ಎರಡರಂತೆ ಕೊಡಲು ಹೇಳಿದರು. ಡಬ್ಬಿಯ ಮೇಲೆ ‘ಹಲವು ಆ್ಯಂಟಿಬಯೋಟಿಕ್‌ಗಳಿಗೆ ನಿರೋಧಕ’ ಎಂದು ಹೆಮ್ಮೆಯಿಂದ ಅಚ್ಚು ಹಾಕಿದ್ದಾರೆ. ರೋಗಾಣು ನಿರೋಧಕವಾದರೆ ಎಲ್ಲರೂ ಹೆದರಿಸುತ್ತಾರೆ, ಇದು ನಿರೋಧಕವಾದರೆ ಒಳ್ಳೆಯದೇ? ಆ ಗುಣ ಮಗುವಿನ ಹೊಟ್ಟೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟುವುದಿಲ್ಲವೇ? ಇಷ್ಟೆಲ್ಲ ಏಕೆ, ಮನೆಯ ಮೊಸರೇ ಸಾಲದೇ? (ಓದುಗರು, ಹಾಸನ)

ಉತ್ತರ: ಮೊದಲು ಮಗಳ ವಿಷಯ. ಆ ಶೀಷೆಯಲ್ಲಿರುವುದು ಪ್ರೋಬಯೋಟಿಕ್, ಅಂದರೆ ಹೊಟ್ಟೆಯ ಒಳಿತಿಗೆಂದು ಕೊಡುವ ಜೀವಂತ ಸೂಕ್ಷ್ಮಜೀವಿ. ಅದರಿಂದ ಗಾಬರಿಪಡುವಂಥದ್ದೇನೂ ಇಲ್ಲ. ಆ್ಯಂಟಿಬಯೋಟಿಕ್ಕನ್ನು ನೀವಾಗಿಯೇ ನಿಲ್ಲಿಸಬೇಡಿ. ಕ್ಲಾವುಲನೇಟ್ ಇರುವ ಸಿರಪ್ ಕೊಟ್ಟಾಗ ಮಕ್ಕಳಿಗೆ ಮಲ ತೆಳುವಾಗುವುದು ತೀರಾ ಸಾಮಾನ್ಯ. ಊಟದ ಆರಂಭದಲ್ಲಿ ಕೊಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ. ಓಆರ್‌ಎಸ್ ಕುಡಿಸುತ್ತಿರಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಮರುಕಳಿಸಿದರೆ, ಆರು ಗಂಟೆಯಾದರೂ ಮೂತ್ರ ಹೋಗದಿದ್ದರೆ ಅಥವಾ ಮಗು ಮಂಕಾದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಇನ್ನು ‘ನಿರೋಧಕ’ ಎಂಬ ಮಾತು. ಕನ್ನಡದಲ್ಲಿ ಈ ಪದವೇ ಅರ್ಧ ಗೊಂದಲಕ್ಕೆ ಕಾರಣ. ‘ರೋಗನಿರೋಧಕ ಶಕ್ತಿ’ ಎಂದು ಕೇಳಿ ಕೇಳಿ ನಿರೋಧಕ ಎಂದರೆ ಒಳ್ಳೆಯದೇ ಇರಬೇಕು ಅನ್ನಿಸುತ್ತದೆ. ಇಲ್ಲಿ ಅದರ ಅರ್ಥ ಬೇರೆ: ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ. ಜಗ್ಗದಿರುವುದು ಗುಣವೋ ಅಪಾಯವೋ ಎನ್ನುವುದು ಒಂದೇ ಸಂಗತಿಯ ಮೇಲೆ ನಿಂತಿದೆ. ಆ ಶಕ್ತಿ ಬ್ಯಾಕ್ಟೀರಿಯಾದ ಮೈಕಟ್ಟಿನಲ್ಲೇ ಇದೆಯೋ, ಅಥವಾ ಕಿತ್ತು ಇನ್ನೊಬ್ಬರ ಕೈಗೆ ಕೊಡಬಹುದಾದ ಗಂಟಿನಲ್ಲಿದೆಯೋ? ಈ ವ್ಯತ್ಯಾಸ ಅರ್ಥವಾಗಲು ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗಿಂತ ಒಳ್ಳೆಯ ಉದಾಹರಣೆ ಸಿಗದು.

ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಇಟ್ಟಿಗೆಗಳ ತುದಿಯಲ್ಲಿ ಸಾಮಾನ್ಯವಾಗಿ ಎರಡು ಡಿ-ಅಲನಿನ್ ಅಣುಗಳು ಜೋಡಿಯಾಗಿರುತ್ತವೆ. ವ್ಯಾಂಕೋಮೈಸಿನ್ ಐದು ಹೈಡ್ರೋಜನ್ ಬಂಧಗಳಿಂದ ಆ ಜೋಡಿಯನ್ನು ಅಪ್ಪಿ ಹಿಡಿಯುತ್ತದೆ. ಇಟ್ಟಿಗೆ ಗೋಡೆ ಸೇರುವುದಿಲ್ಲ, ಬ್ಯಾಕ್ಟೀರಿಯಾ ಸಾಯುತ್ತದೆ. ಪ್ರೋಬಯೋಟಿಕ್ ಆಗಿ ಬಳಸುವ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್, ಪ್ಲಾಂಟಾರಮ್, ರ‍್ಯೂಟೆರಿಯಂಥವು ತಮ್ಮ ಇಟ್ಟಿಗೆಯ ಕೊನೆಯಲ್ಲಿ ಅಲನಿನ್ ಬದಲು ಡಿ-ಲ್ಯಾಕ್ಟೇಟ್ ಇಟ್ಟುಕೊಂಡಿವೆ. ಐದು ಬಂಧಗಳಲ್ಲಿ ಒಂದು ತಪ್ಪಿಹೋಗುತ್ತದೆ, ಔಷಧದ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಗುತ್ತದೆ. ಇಡ್ಲಿ ಹಿಟ್ಟು ಹುಳಿಯುವಾಗ ಕೆಲಸ ಮಾಡುವ ಲ್ಯುಕೋನೋಸ್ಟಾಕ್ ಕೂಡ ಹೀಗೆಯೇ. ಅದು ವ್ಯಾಂಕೋಮೈಸಿನ್‌ಗೆ ಜಗ್ಗುವುದಿಲ್ಲ, ಯಾವತ್ತೂ ಜಗ್ಗಿದ್ದಿಲ್ಲ. ಇಡೀ ಗೋಡೆಯ ಕಟ್ಟೋಣವೇ ಹಾಗಿರುವಾಗ ಅದನ್ನು ಇನ್ನೊಂದು ಬ್ಯಾಕ್ಟೀರಿಯಾಕ್ಕೆ ದಾಟಿಸುವುದು ಆಗದ ಮಾತು. ಇದನ್ನು ಸಹಜ ನಿರೋಧಕತೆ ಎನ್ನುತ್ತಾರೆ.

ಈಗ ಕರುಳಿನಲ್ಲಿ ವಾಸಿಸುವ ಎಂಟರೋಕಾಕಸ್ ಎಂಬ ಬ್ಯಾಕ್ಟೀರಿಯಾ ನೋಡಿ. 1988ರಲ್ಲಿ ಯುರೋಪಿನಿಂದ ವ್ಯಾಂಕೋಮೈಸಿನ್‌ಗೆ ಬಗ್ಗದ ಎಂಟರೋಕಾಕಸ್ ಮೊದಲ ಬಾರಿಗೆ ವರದಿಯಾಯಿತು. ಅದು ಮಾಡಿದ್ದೂ ಇದನ್ನೇ: ಅಲನಿನ್ ತೆಗೆದು ಲ್ಯಾಕ್ಟೇಟ್ ಇಟ್ಟಿತು. ಆದರೆ ಅದಕ್ಕೆ ಬೇಕಾದ ಜೀನ್‌ಗಳೆಲ್ಲ ಒಂದು ಟ್ರಾನ್ಸ್‌ಪೋಸಾನ್‌ನಲ್ಲಿ, ಅಂದರೆ ಜಿಗಿಯಬಲ್ಲ ಡಿಎನ್‌ಎ ತುಂಡಿನಲ್ಲಿ, ಗಂಟು ಕಟ್ಟಿಕೊಂಡಿದ್ದವು. ಒಂದು ಜೀನ್ ಡಿ-ಲ್ಯಾಕ್ಟೇಟ್ ತಯಾರಿಸುತ್ತದೆ, ಇನ್ನೊಂದು ಜೋಡಿಸುತ್ತದೆ, ಮತ್ತೊಂದು ಹಳೆಯ ಅಲನಿನ್ ಜೋಡಿಯನ್ನು ಕತ್ತರಿಸಿ ಹಾಕುತ್ತದೆ. 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಇದೇ ಗಂಟು ಸ್ಟ್ಯಾಫಿಲೋಕಾಕಸ್ ಆರಿಯಸ್‌ನಲ್ಲಿ ಸಿಕ್ಕಿತು. ಕೊನೆಯ ಅಸ್ತ್ರ ಎಂದುಕೊಂಡಿದ್ದ ಔಷಧಕ್ಕೂ ಆ ರೋಗಾಣು ಬಗ್ಗಲಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಮುಂದೆಯೂ ‘ವ್ಯಾಂಕೋಮೈಸಿನ್: ನಿರೋಧಕ’, ಎಂಟರೋಕಾಕಸ್ ಮುಂದೆಯೂ ಅದೇ ಸಾಲು. ಕೋಶದೊಳಗಿನ ರಸಾಯನವೂ ಒಂದೇ. ಅಪಾಯ ಮಾತ್ರ ಅಜಗಜಾಂತರ.

ನಿಮ್ಮ ಶೀಷೆಗೆ ಬರೋಣ. ಐದು ಮಿಲಿಲೀಟರ್‌ನಲ್ಲಿ 200 ಕೋಟಿ ಸ್ಪೋರ್‌ಗಳಿರುವ ಉತ್ಪನ್ನದಲ್ಲಿ ಸಾಮಾನ್ಯವಾಗಿ ನಾಲ್ಕು ತಳಿಗಳ ಹೆಸರಿರುತ್ತದೆ: ಓ/ಸಿ, ಎನ್/ಆರ್, ಸಿನ್, ಟಿ. ಈ ಹೆಸರುಗಳಲ್ಲೇ ಗುಟ್ಟಿದೆ. ಸಿ ಎಂದರೆ ಕ್ಲೋರಾಂಫೆನಿಕಾಲ್, ಎನ್/ಆರ್ ಎಂದರೆ ನೋವೋಬಯೋಸಿನ್ ಮತ್ತು ರಿಫಾಂಪಿಸಿನ್, ಸಿನ್ ಎಂದರೆ ಸ್ಟ್ರೆಪ್ಟೋಮೈಸಿನ್-ನಿಯೋಮೈಸಿನ್, ಟಿ ಎಂದರೆ ಟೆಟ್ರಾಸೈಕ್ಲಿನ್. ಆಯಾ ಔಷಧಕ್ಕೆ ಜಗ್ಗದ ತಳಿಯನ್ನು ಬೇಕೆಂದೇ ಆರಿಸಿ, ಆ್ಯಂಟಿಬಯೋಟಿಕ್ ಜತೆ ಕೊಟ್ಟರೂ ಉಳಿಯಲಿ ಎಂದು ನಾಲ್ಕನ್ನೂ ಬೆರೆಸಿದ್ದಾರೆ. ದಶಕಗಳ ಕಾಲ ಇದನ್ನು ಬ್ಯಾಸಿಲಸ್ ಸಬ್ಟಿಲಿಸ್ ಎಂದೇ ಮಾರುತ್ತಿದ್ದರು. ಅದು ಕ್ಲಾಸಿ ಎಂದು ಗೊತ್ತಾದದ್ದು 2001ರಲ್ಲಿ. ಈಗ ವರ್ಗೀಕರಣದವರು ಮತ್ತೆ ಹೆಸರು ಬದಲಿಸಿ ಶೌಚೆಲ್ಲಾ ಕ್ಲಾಸಿ ಎನ್ನುತ್ತಿದ್ದಾರೆ. ಅಂಗಡಿಯಲ್ಲಿ ಹಳೆಯ ಹೆಸರೇ ಚಾಲ್ತಿಯಲ್ಲಿದೆ.

ಈ ಪ್ರಭೇದದಲ್ಲಿ ಎರಿತ್ರೋಮೈಸಿನ್ ಗುಂಪಿನ ಔಷಧಗಳನ್ನು ತಡೆಯುವ ಎರ್ಮ್-34, ಪೆನಿಸಿಲಿನ್ ಒಡೆಯುವ ಬೀಟಾ-ಲ್ಯಾಕ್ಟಮೇಸ್, ಕ್ಲೋರಾಂಫೆನಿಕಾಲ್ ಮತ್ತು ಅಮೈನೋಗ್ಲೈಕೋಸೈಡ್‌ಗಳನ್ನು ನಿಷ್ಕ್ರಿಯಗೊಳಿಸುವ ಕಿಣ್ವಗಳ ಜೀನ್‌ಗಳು ಪತ್ತೆಯಾಗಿವೆ. ಇವು ಕ್ರೋಮೋಸೋಮಿನ ಮೇಲೆ, ಅಂದರೆ ಬ್ಯಾಕ್ಟೀರಿಯಾದ ಮೂಲ ಡಿಎನ್‌ಎಯಲ್ಲೇ ಇವೆ. ಬೇರೆ ಬ್ಯಾಕ್ಟೀರಿಯಾಗಳ ಜತೆ ಕೂಡಿಸಿ ಬೆಳೆಸಿದ ಪರೀಕ್ಷೆಗಳಲ್ಲಿ ಇವು ದಾಟಿದ್ದು ಕಂಡಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ ಇದೇ. ಹಾಗೆಂದು ‘ಹಲವು ಔಷಧಗಳಿಗೆ ನಿರೋಧಕ’ ಎಂಬುದನ್ನು ಬಿರುದಿನಂತೆ ಡಬ್ಬಿಯ ಮೇಲೆ ಅಚ್ಚು ಹಾಕುವುದು ಒಪ್ಪತಕ್ಕ ರೂಢಿಯಲ್ಲ. ಯಾವ ಔಷಧಕ್ಕೆ, ಯಾವ ಜೀನಿನಿಂದ, ಅದು ಎಲ್ಲಿದೆ ಎಂಬ ಮೂರು ಮಾತು ಇಲ್ಲದೆ ಆ ಸಾಲಿಗೆ ಅರ್ಥವಿಲ್ಲ. ಇನ್ನೊಂದು ವಿಷಯ: ಸ್ಪೋರ್ ಎಂದರೆ ಮಲಗಿರುವ ಬೀಜ. ಅಮಾಕ್ಸಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಕೋಶವನ್ನು. ಮೊಳೆಯುವ ತನಕ ಸ್ಪೋರ್‌ಗೆ ನಿರೋಧಕತೆಯ ಅಗತ್ಯವೇ ಇಲ್ಲ, ಮೊಳೆತ ಮೇಲಷ್ಟೇ ಅದು ಬೇಕಾಗುತ್ತದೆ.

ಗಂಟು ಸಿಕ್ಕಿದಾಗ ತಯಾರಕರು ಏನು ಮಾಡಬೇಕು ಎನ್ನುವುದಕ್ಕೆ ಲ್ಯಾಕ್ಟೊಬ್ಯಾಸಿಲಸ್ ರ‍್ಯೂಟೆರಿ ಒಳ್ಳೆಯ ಮಾದರಿ. ಪೆರು ದೇಶದ ತಾಯಿಯೊಬ್ಬಳ ಎದೆಹಾಲಿನಿಂದ ತೆಗೆದ ಎಟಿಸಿಸಿ 55730 ಎಂಬ ತಳಿ ವರ್ಷಗಟ್ಟಲೆ ಜಗತ್ತಿನಾದ್ಯಂತ ಮಾರಾಟದಲ್ಲಿತ್ತು. ಪರೀಕ್ಷಿಸಿದಾಗ ಅದರೊಳಗೆ ಎರಡು ಪ್ಲಾಸ್ಮಿಡ್‌ಗಳು, ಅಂದರೆ ಕ್ರೋಮೋಸೋಮಿನಿಂದ ಹೊರಗೆ ಪ್ರತ್ಯೇಕವಾಗಿರುವ ಡಿಎನ್‌ಎ ಉಂಗುರಗಳು, ಕಂಡವು. ಒಂದರಲ್ಲಿ ಟೆಟ್ರಾಸೈಕ್ಲಿನ್ ತಡೆಯುವ ಟೆಟ್-ಡಬ್ಲ್ಯು, ಇನ್ನೊಂದರಲ್ಲಿ ಲಿಂಕೋಮೈಸಿನ್ ತಡೆಯುವ ಎಲ್‌ಎನ್‌ಯು-ಎ. ವಿಜ್ಞಾನಿಗಳು ಕಿಣ್ವಗಳಿಂದ ಕೋಶಭಿತ್ತಿಯನ್ನು ಕರಗಿಸಿ, ಬರಿಮೈ ಕೋಶಗಳನ್ನು ಮತ್ತೆ ಗೋಡೆ ಕಟ್ಟಿಕೊಳ್ಳಲು ಬಿಟ್ಟರು. ಈ ಏರುಪೇರಿನಲ್ಲಿ ಕೆಲವು ಕೋಶಗಳು ಪ್ಲಾಸ್ಮಿಡ್ ಕಳೆದುಕೊಳ್ಳುತ್ತವೆ. ಎರಡನ್ನೂ ಕಳೆದುಕೊಂಡ ಕೋಶವನ್ನು ಆರಿಸಿ ಬೆಳೆಸಿದ್ದೇ ಇಂದಿನ ಡಿಎಸ್‌ಎಂ 17938. ಹೊರಗಿನ ಜೀನ್ ತುರುಕಿಲ್ಲ, ಇದ್ದದ್ದನ್ನು ಉದುರಿಸಿದ್ದಾರೆ ಅಷ್ಟೆ. ಹೊಸ ತಳಿ ಹಳೆಯ ತಳಿಯಂತೆಯೇ ಆಮ್ಲ, ಪಿತ್ತ ತಡೆಯುತ್ತದೆಯೇ, ಬೇರೆ ಸೂಕ್ಷ್ಮಜೀವಿಗಳನ್ನು ತಡೆಯುವ ರ‍್ಯೂಟೆರಿನ್ ಎಂಬ ವಸ್ತುವನ್ನು ತಯಾರಿಸುತ್ತದೆಯೇ, ಲೋಳೆಗೆ ಅಂಟುತ್ತದೆಯೇ ಎಂದೆಲ್ಲ ನೋಡಿ 2008ರಲ್ಲಿ ಪ್ರಕಟಿಸಿದರು. ಸ್ವಯಂಸೇವಕರಿಗೆ ಹಳೆಯ ತಳಿಯನ್ನೇ ಕೊಟ್ಟು ನೋಡಿದ ಸಣ್ಣ ಅಧ್ಯಯನದಲ್ಲಿ ಟೆಟ್-ಡಬ್ಲ್ಯು ಬೇರೆ ಬ್ಯಾಕ್ಟೀರಿಯಾಕ್ಕೆ ದಾಟಿದ್ದು ಕಾಣಲಿಲ್ಲ. ಆದರೂ ತೆಗೆದದ್ದೇ ಸರಿ. ಒಂದು ಡೋಸಿನಲ್ಲಿ ಹತ್ತು ಕೋಟಿ ಕೋಶಗಳು, ಲಕ್ಷಾಂತರ ಮಕ್ಕಳು, ವರ್ಷಗಟ್ಟಲೆ ಬಳಕೆ ಎಂದಾಗ ‘ಅಪರೂಪ’ ಎಂಬ ಮಾತಿನ ತೂಕ ಕಡಿಮೆಯಾಗುತ್ತದೆ. ಅಂದಹಾಗೆ, ಹೊಸ ತಳಿಯೂ ಕೆಲವು ಪೆನಿಸಿಲಿನ್ ವರ್ಗದ ಔಷಧಗಳಿಗೆ ಜಗ್ಗುವುದಿಲ್ಲ. ಅದು ಕ್ರೋಮೋಸೋಮಿನೊಳಗಿನ ರೂಪಾಂತರಗಳಿಂದ ಬಂದದ್ದು, ಹಾಗಾಗಿ ಯಾರೂ ತಲೆಕೆಡಿಸಿಕೊಂಡಿಲ್ಲ.

ನಡುವಿನ ಸ್ಥಿತಿಯೂ ಒಂದಿದೆ. ಮೊಸರು, ಹಾಲಿನ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಬಳಸುವ ಬೈಫಿಡೋಬ್ಯಾಕ್ಟೀರಿಯಂ ಅನಿಮಾಲಿಸ್ ಲ್ಯಾಕ್ಟಿಸ್‌ನ ಬಹುತೇಕ ಎಲ್ಲ ತಳಿಗಳಲ್ಲೂ ಟೆಟ್-ಡಬ್ಲ್ಯು ಕ್ರೋಮೋಸೋಮಿನಲ್ಲೇ ಕೂತಿದೆ. ಆದರೆ ಅದರ ಪಕ್ಕದಲ್ಲೇ ಟ್ರಾನ್ಸ್‌ಪೋಸೇಸ್, ಅಂದರೆ ಡಿಎನ್‌ಎ ತುಂಡನ್ನು ಜಿಗಿಸುವ ಕಿಣ್ವದ, ಜೀನ್ ಒಂದಿದೆ. ಬಾಗಿಲ ಪಕ್ಕ ಕೀಲಿ ಇಟ್ಟ ಹಾಗೆ. ದಾಟಿಸುವ ಪ್ರಯತ್ನಗಳು ಈವರೆಗೆ ಫಲ ಕೊಟ್ಟಿಲ್ಲ, ದೀರ್ಘ ಕಾಲದ ಸುರಕ್ಷಿತ ಬಳಕೆಯ ದಾಖಲೆ ಇದೆ. ಹೀಗಾಗಿ ನಿಯಂತ್ರಕರು ಒಪ್ಪಿದ್ದಾರೆ, ತಜ್ಞರು ಕಣ್ಣಿಟ್ಟಿದ್ದಾರೆ.

ನಿಜಕ್ಕೂ ಹಿಂಜರಿಯಬೇಕಾದದ್ದು ಎಂಟರೋಕಾಕಸ್ ವಿಷಯದಲ್ಲಿ. ಜೀನ್ ಕೊಳ್ಳುವುದರಲ್ಲೂ ಕೊಡುವುದರಲ್ಲೂ ಅದಕ್ಕೆ ಸಮನಿಲ್ಲ. ನಮ್ಮಲ್ಲಿ ಸಿಗುವ ಕೆಲವು ಮಿಶ್ರ ಕ್ಯಾಪ್ಸೂಲ್‌ಗಳ ಮೇಲೆ ‘ಸ್ಟ್ರೆಪ್ಟೋಕಾಕಸ್ ಫೀಕಾಲಿಸ್ 3 ಕೋಟಿ’ ಎಂದಿರುತ್ತದೆ. ಅದು ಎಂಟರೋಕಾಕಸ್ ಫೀಕಾಲಿಸ್‌ನ ಹಳೆಯ ಹೆಸರು. ಅದೇ ಪಟ್ಟಿಯಲ್ಲಿ ‘ಲ್ಯಾಕ್ಟೊಬ್ಯಾಸಿಲಸ್ ಸ್ಪೋರೋಜೆನ್ಸ್’ ಇರುತ್ತದೆ. ಲ್ಯಾಕ್ಟೊಬ್ಯಾಸಿಲಸ್‌ಗಳು ಸ್ಪೋರ್ ಕಟ್ಟುವುದೇ ಇಲ್ಲ, ಅದು ಬ್ಯಾಸಿಲಸ್ ಕೋಆಗ್ಯುಲನ್ಸ್. ಈ ಹಳೆಯ ಹೆಸರುಗಳು ಕಂಡರೆ ತಳಿ ಸಂಖ್ಯೆ ಇದೆಯೇ ಎಂದು ಹುಡುಕಿ. ಸಂಖ್ಯೆ ಇಲ್ಲದ ಎಂಟರೋಕಾಕಸ್ಸನ್ನು ಮಗುವಿಗೆ ಕೊಡುವ ಅಗತ್ಯವಿಲ್ಲ.

ತಯಾರಕರು ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? ಭಾರತದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಆಹಾರದಲ್ಲಿ ಬಳಸುವ ಪ್ರತಿ ಪ್ರೋಬಯೋಟಿಕ್ ತಳಿಯ ಆ್ಯಂಟಿಬಯೋಟಿಕ್ ನಿರೋಧಕತೆಯನ್ನು ಗುರುತಿಸಬೇಕು. ಪದ್ಧತಿಗೆ ಐಎಸ್‌ಒ 10932 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆಸ್ಪತ್ರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮುಲ್ಲರ್-ಹಿಂಟನ್ ತಟ್ಟೆಯಲ್ಲಿ ಔಷಧದ ಡಿಸ್ಕ್ ಇಟ್ಟು ನೋಡಿದ ಫಲಿತಾಂಶ ಇಲ್ಲಿ ನಡೆಯದು, ಏಕೆಂದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಅದರ ಮೇಲೆ ಸರಿಯಾಗಿ ಬೆಳೆಯುವುದೇ ಇಲ್ಲ. ಅವಕ್ಕೆ ಪ್ರಿಯವಾದ ಎಂಆರ್‌ಎಸ್ ದ್ರಾವಣದಲ್ಲೇ ಪರೀಕ್ಷಿಸಿದರೆ ಇನ್ನೊಂದು ಎಡವಟ್ಟು: ಅದರ ಹುಳಿಯಿಂದ ಜೆಂಟಾಮೈಸಿನ್ ಬಲಗುಂದಿ, ಬಗ್ಗುವ ತಳಿಯೂ ಬಗ್ಗದಂತೆ ಕಾಣುತ್ತದೆ. ಟ್ರೈಮೆಥೋಪ್ರಿಮ್‌ನ ಕೆಲಸವನ್ನು ಅದರಲ್ಲಿರುವ ಥೈಮಿಡಿನ್ ಹಾಳುಮಾಡುತ್ತದೆ. ಅದಕ್ಕೇ ಐಸೋ-ಸೆನ್ಸಿಟೆಸ್ಟ್ ದ್ರಾವಣ 90 ಭಾಗ, ಎಂಆರ್‌ಎಸ್ 10 ಭಾಗ ಬೆರೆಸುತ್ತಾರೆ. ಬೈಫಿಡೋ ಆದರೆ ಲೀಟರಿಗೆ 0.3 ಗ್ರಾಂ ಸಿಸ್ಟೀನ್ ಸೇರಿಸುತ್ತಾರೆ. ಹೊಸದಾಗಿ ಬೆಳೆದ ಕಾಲೊನಿಗಳನ್ನು ಉಪ್ಪುನೀರಿನಲ್ಲಿ ಕದಡಿ ಮ್ಯಾಕ್‌ಫಾರ್ಲಂಡ್ ಎಂಬ ಕದಡಿನ ಅಳತೆಯಲ್ಲಿ 1ರ ಮಟ್ಟಕ್ಕೆ ತಂದು, ಸಾವಿರ ಪಟ್ಟು ತೆಳುಮಾಡಿ, ಮಿಲಿಲೀಟರಿಗೆ ಸುಮಾರು 3 ಲಕ್ಷ ಕೋಶಗಳಾಗುವಂತೆ ಪರೀಕ್ಷಾ ತಟ್ಟೆಯ ಪುಟ್ಟ ಗುಳಿಗಳಿಗೆ ಹಾಕುತ್ತಾರೆ. ಗುಳಿಯಿಂದ ಗುಳಿಗೆ ಔಷಧ ಇಮ್ಮಡಿಯಾಗುತ್ತ ಹೋಗುತ್ತದೆ. ಆಮ್ಲಜನಕವಿಲ್ಲದ ಪೆಟ್ಟಿಗೆಯಲ್ಲಿ 48 ಗಂಟೆ ಇಟ್ಟು, ಬೆಳವಣಿಗೆ ನಿಂತ ಮೊದಲ ಗುಳಿಯ ಔಷಧ ಪ್ರಮಾಣವನ್ನು ಓದುತ್ತಾರೆ. ಕೋಶಗಳನ್ನು ಹತ್ತು ಪಟ್ಟು ಹೆಚ್ಚು ಹಾಕಿದರೆ ಸಾಕು, ಇಲ್ಲದ ನಿರೋಧಕತೆ ಕಾಣಿಸಿಕೊಳ್ಳಬಹುದು.

ಬಂದ ಸಂಖ್ಯೆಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಗಡಿಮಿತಿಗೆ ಹೋಲಿಸುವುದು ವಾಡಿಕೆ. ಬೈಫಿಡೋಗೆ ಟೆಟ್ರಾಸೈಕ್ಲಿನ್ ಗಡಿ ಲೀಟರಿಗೆ 8 ಮಿಲಿಗ್ರಾಂ, ಎರಿತ್ರೋಮೈಸಿನ್ ಗಡಿ 1 ಮಿಲಿಗ್ರಾಂ. ಒಂದು ಹೆಜ್ಜೆ ಮೇಲೆ ಕೆಳಗೆ ಆದರೆ ಅದು ವಿಧಾನದ ಸಹಜ ಏರಿಳಿತ. ಮೀರಿದ್ದು ಖಚಿತವಾದರೆ ಕಾರಣ ಹುಡುಕಬೇಕು. ಈಗ ಇಡೀ ಜೀನೋಮನ್ನೇ ಓದಿಸಿ, ಗೊತ್ತಿರುವ ನಿರೋಧಕ ಜೀನ್‌ಗಳ ಸಂಗ್ರಹದೊಂದಿಗೆ ತಾಳೆ ನೋಡುತ್ತಾರೆ: 80 ಶೇಕಡ ಹೋಲಿಕೆ, ಜೀನಿನ ಉದ್ದದ 70 ಶೇಕಡವಾದರೂ ಹೊಂದಾಣಿಕೆ ಇದ್ದರೆ ಲೆಕ್ಕಕ್ಕೆ. ಆಮೇಲೆ ಅದರ ಅಕ್ಕಪಕ್ಕ ಪ್ಲಾಸ್ಮಿಡ್ ಅಥವಾ ಜಿಗಿಯುವ ತುಂಡಿನ ಸುಳಿವಿದೆಯೇ ಎಂಬುದು ಮುಖ್ಯ. ಗುಳಿ ಪರೀಕ್ಷೆಯಲ್ಲಿ ತಳಿ ಔಷಧಕ್ಕೆ ಬಗ್ಗಿತು ಎಂದು ಅಲ್ಲಿಗೇ ನಿಲ್ಲಿಸುವುದು ತಪ್ಪು. ಮೌನವಾಗಿರುವ ಜೀನ್ ಬೇರೆ ಬ್ಯಾಕ್ಟೀರಿಯಾದೊಳಗೆ ಹೋಗಿ ಬಾಯಿಬಿಡಬಹುದು.

ಎದುರು ದಿಕ್ಕಿನ ಸಂಚಾರವನ್ನು ಹಲವರು ಮರೆಯುತ್ತಾರೆ. ಇಲಿಗಳ ಕರುಳಿನಲ್ಲಿ ಹಾದುಹೋಗುವಾಗ ಸಹಜವಾಗಿ ವ್ಯಾಂಕೋಮೈಸಿನ್‌ಗೆ ಬಗ್ಗುವ ಪ್ರೋಬಯೋಟಿಕ್ ಲ್ಯಾಕ್ಟೊಬ್ಯಾಸಿಲಸ್ ಅಸಿಡೋಫಿಲಸ್ಸೇ ಎಂಟರೋಕಾಕಸ್‌ನಿಂದ ವ್ಯಾಂಕೋಮೈಸಿನ್ ನಿರೋಧಕತೆ ಪಡೆದುಕೊಂಡದ್ದು ದಾಖಲಾಗಿದೆ. ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2018ರಲ್ಲಿ ತೋರಿಸಿದ್ದು ಇನ್ನೊಂದು: ಆ್ಯಂಟಿಬಯೋಟಿಕ್ ಮುಗಿದ ಮೇಲೆ ಹನ್ನೊಂದು ತಳಿಗಳ ಪ್ರೋಬಯೋಟಿಕ್ ತೆಗೆದುಕೊಂಡವರಲ್ಲಿ ಅವರದ್ದೇ ಕರುಳಿನ ಬ್ಯಾಕ್ಟೀರಿಯಾಗಳು ಮರಳಿ ನೆಲೆಯೂರುವುದು ತಡವಾಯಿತು. 2021ರಲ್ಲಿ ಬಂದ ಮುಂದಿನ ವಿಶ್ಲೇಷಣೆಯಲ್ಲಿ, ಆ್ಯಂಟಿಬಯೋಟಿಕ್ ನಂತರ ಪ್ರೋಬಯೋಟಿಕ್ ನೆಲೆಯೂರಿದ ಕೆಲವರ ಕರುಳಿನಲ್ಲಿ ನಿರೋಧಕ ಜೀನ್‌ಗಳ ಒಟ್ಟು ಮೊತ್ತವೇ ಹೆಚ್ಚಿತ್ತು. ಪ್ರೋಬಯೋಟಿಕ್ ತಾನು ಜೀನ್ ದಾಟಿಸದೆಯೂ, ಖಾಲಿಯಾದ ಕರುಳಿನಲ್ಲಿ ಯಾರು ಬೆಳೆಯಬೇಕು ಎಂಬುದನ್ನು ಬದಲಿಸಬಲ್ಲದು. ಭಾಗವಹಿಸಿದವರು ಕೆಲವೇ ಜನ, ಆ ಎಚ್ಚರ ಇಟ್ಟುಕೊಂಡೇ ಇದನ್ನು ಓದಬೇಕು.

ಹಾಗಾದರೆ ಕೊಡಬೇಕೇ, ಬೇಡವೇ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2019ರ ಕಾಕ್ರೇನ್ ಪರಾಮರ್ಶೆಯಲ್ಲಿ 33 ಅಧ್ಯಯನಗಳ ಆರು ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕವಿದೆ. ಆ್ಯಂಟಿಬಯೋಟಿಕ್ ಜತೆ ಪ್ರೋಬಯೋಟಿಕ್ ಪಡೆದವರಲ್ಲಿ 8 ಶೇಕಡ, ಪಡೆಯದವರಲ್ಲಿ 19 ಶೇಕಡ ಮಕ್ಕಳಿಗೆ ಭೇದಿಯಾಯಿತು. ದಿನಕ್ಕೆ 500 ಕೋಟಿ ಅಥವಾ ಹೆಚ್ಚು ಕೊಟ್ಟಾಗ ಫಲ ಚೆನ್ನಾಗಿತ್ತು. ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಮತ್ತು ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟಿಗೆ ಪುರಾವೆ ಗಟ್ಟಿ, ಕ್ಲಾಸಿಗೆ ಅಷ್ಟಿಲ್ಲ. ನಿರೋಧಕತೆಯ ಚಿಂತೆಯೇ ದೊಡ್ಡದಾದರೆ ಬೌಲಾರ್ಡಿ ಸುಲಭದ ಆಯ್ಕೆ. ಯೀಸ್ಟು ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಆ್ಯಂಟಿಬಯೋಟಿಕ್ ಅದನ್ನು ಮುಟ್ಟುವುದಿಲ್ಲ. ಆದರೆ ಫ್ಲುಕೋನಜೋಲ್‌ನಂಥ ಶಿಲೀಂಧ್ರನಾಶಕದ ಜತೆ ಕೊಟ್ಟರೆ ವ್ಯರ್ಥ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬಹುದು. ಯಾವುದೇ ಆದರೂ ಆ್ಯಂಟಿಬಯೋಟಿಕ್ ನಡೆಯುವಷ್ಟು ದಿನ, ಮೇಲೆ ನಾಲ್ಕೈದು ದಿನ ಸಾಕು. ‘ಹೊಟ್ಟೆಗೆ ಒಳ್ಳೆಯದು’ ಎಂದು ತಿಂಗಳುಗಟ್ಟಲೆ ಎಳೆಯಬೇಡಿ.

ಆ್ಯಂಟಿಬಯೋಟಿಕ್‌ಗೂ ಪ್ರೋಬಯೋಟಿಕ್‌ಗೂ ನಡುವೆ ಎರಡು ಗಂಟೆ ಅಂತರ ಬಿಡಿ ಎನ್ನುವ ಸಲಹೆ ರ‍್ಯಾಮ್ನೋಸಸ್‌ನಂಥ ಅಮಾಕ್ಸಿಸಿಲಿನ್‌ಗೆ ಬಗ್ಗುವ ತಳಿಗೆ ಸರಿ, ಏಕೆಂದರೆ ಅಮಾಕ್ಸಿಸಿಲಿನ್ ರಕ್ತದಲ್ಲಿ ಗಂಟೆಯೊಂದಕ್ಕೆ ಅರ್ಧವಾಗುತ್ತದೆ. ಅಜಿತ್ರೋಮೈಸಿನ್ ಅರ್ಧಕ್ಕಿಳಿಯಲು ಎರಡೂವರೆ ದಿನಕ್ಕಿಂತ ಹೆಚ್ಚು ಬೇಕು, ಅಲ್ಲಿ ಎರಡು ಗಂಟೆಯ ಲೆಕ್ಕ ಬರೀ ಸಮಾಧಾನಕ್ಕೆ. ಕ್ಲಾಸಿ ಸ್ಪೋರ್, ಬೌಲಾರ್ಡಿಗಳಿಗೆ ಅಂತರದ ಗೊಡವೆ ಬೇಡ.

ಕೊಡಲೇಬಾರದ ಮಕ್ಕಳೂ ಇದ್ದಾರೆ: ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ವೈದ್ಯರ ನಿಗಾ ಇಲ್ಲದೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿರುವವರಿಗೆ ಬೇಡ. ಇಂಥವರಲ್ಲಿ ಪ್ರೋಬಯೋಟಿಕ್ಕೇ ರಕ್ತಕ್ಕೆ ನುಗ್ಗಿದ ಉದಾಹರಣೆಗಳಿವೆ. ನಿರೋಧಕತೆ ನೇರವಾಗಿ ಜೀವಕ್ಕೆ ತಟ್ಟುವುದು ಆಗಲೇ. ಕ್ಲಾಸಿ ರಕ್ತದಲ್ಲಿದ್ದರೆ ಜ್ವರಕ್ಕೆ ಮೊದಲು ಹಾಕುವ ಸೆಫ್ಟ್ರಿಯಾಕ್ಸೋನ್ ನಾಟದೇ ಇರಬಹುದು, ವ್ಯಾಂಕೋಮೈಸಿನ್ ನಾಟುತ್ತದೆ. ರ‍್ಯಾಮ್ನೋಸಸ್ ಇದ್ದರೆ ಇದರ ತಲೆಕೆಳಗು: ವ್ಯಾಂಕೋಮೈಸಿನ್ ಸೋಲುತ್ತದೆ, ಆಂಪಿಸಿಲಿನ್ ಗೆಲ್ಲುತ್ತದೆ. ಅದರ ಮೇಲೆ ರಕ್ತ ಪರೀಕ್ಷೆಯಲ್ಲಿ ಬ್ಯಾಸಿಲಸ್ ಬೆಳೆದರೆ ಚರ್ಮದ ಕಲಬೆರಕೆ ಎಂದು ತಳ್ಳಿಹಾಕುವ ರೂಢಿ ಬೇರೆ. ಆದ್ದರಿಂದ ಮಗುವನ್ನು ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ, ಕೊಡುತ್ತಿರುವ ಔಷಧಗಳ ಪಟ್ಟಿಯಲ್ಲಿ ಪ್ರೋಬಯೋಟಿಕ್‌ನ ಹೆಸರನ್ನೂ ತಪ್ಪದೇ ಹೇಳಿ.

ಕೊನೆಗೆ ಮೊಸರು. ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಎಂಬುದು ದಿನ ದಿನವೂ ಬೇರೆ. ಔಷಧದ ಲೆಕ್ಕದಲ್ಲಿ ಅದನ್ನು ನಂಬುವಂತಿಲ್ಲ, ಊಟವಾಗಿ ಧಾರಾಳವಾಗಿ ಕೊಡಿ. ಮೊಸರಿನ ಬ್ಯಾಕ್ಟೀರಿಯಾಗಳಿಗೆ ನಿರೋಧಕ ಜೀನ್ ಇರುವುದೇ ಇಲ್ಲ ಎಂದೂ ಭಾವಿಸಬೇಕಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಸಂಶೋಧಕರು ಭಾರತದ ಹುದುಗಿಸಿದ ಆಹಾರಗಳ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಎರಿತ್ರೋಮೈಸಿನ್, ಟೆಟ್ರಾಸೈಕ್ಲಿನ್ ನಿರೋಧಕ ಜೀನ್‌ಗಳನ್ನು ಕಂಡು 2012ರಲ್ಲಿ ವರದಿ ಮಾಡಿದ್ದಾರೆ. ಮೂಲ ಹಲವು ವೇಳೆ ಕೊಟ್ಟಿಗೆಯಲ್ಲೇ ಇರುತ್ತದೆ. ಕೆಚ್ಚಲು ಬಾವಿಗೆ ಪೆನಿಸಿಲಿನ್ ಟ್ಯೂಬ್ ಹಾಕಿದ ಹಸುವಿನ ಹಾಲನ್ನು ಚೀಟಿಯಲ್ಲಿ ಬರೆದಷ್ಟು ದಿನ ಬಳಸಬಾರದು. ಕಾಯಿಸಿದರೆ ಪೆನಿಸಿಲಿನ್ ಪೂರ್ತಿ ಹೋಗುವುದಿಲ್ಲ. ಹೆಪ್ಪಿನ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಪೆನಿಸಿಲಿನ್ ಇದ್ದರೂ ಮುದುಡಿಕೊಳ್ಳುತ್ತದೆ. ಹೆಪ್ಪು ಚೆನ್ನಾಗಿದ್ದೂ, ಹದವಾದ ಬಿಸಿಯಲ್ಲಿ ಹಾಕಿದ್ದೂ ಹಾಲು ಇಡೀ ರಾತ್ರಿ ಹಾಗೆಯೇ ಉಳಿದರೆ ಹಾಲು ತಂದ ಮನೆಯಲ್ಲಿ ಹಸುವಿಗೆ ಮದ್ದು ನಡೆದಿದೆಯೇ ಎಂದು ಒಮ್ಮೆ ವಿಚಾರಿಸಿ.

ಮಗಳ ಈಗಿನ ಸಿರಪ್‌ಗೂ ಮೊಸರಿಗೂ ಯಾವ ವಿರೋಧವೂ ಇಲ್ಲ. ಮುಂದೆಂದಾದರೂ ಮನೆಯಲ್ಲಿ ಯಾರಿಗಾದರೂ ಸಿಪ್ರೋಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಮಾತ್ರ ಹಾಲು, ಮೊಸರು, ಮಜ್ಜಿಗೆಗಳನ್ನು ಮಾತ್ರೆಯ ಜತೆ ಕೊಡಬೇಡಿ. ಸುಣ್ಣಾಂಶ ಔಷಧವನ್ನು ಕಟ್ಟಿಹಾಕುತ್ತದೆ. ಮಾತ್ರೆ ನುಂಗಿ ಎರಡು ಗಂಟೆ ಕಳೆದ ಮೇಲೆ ಮೊಸರನ್ನ ಬಡಿಸಿ.